ಮೂರನೇ ಹಂತ ಬಾಕಿ

ದೀಪಾವಳಿಗೆ ವಾಡಿಗೆ ಹೋದಾಗ ಅವ್ವನ ಪಕ್ಕ ಕೂತು ‘ಮಿನ್ನಲ್ ಮುರಳಿ’ ನೋಡಿದೆ, ಕನ್ನಡ ಡಬ್ಬಿಂಗ್‌ನಲ್ಲಿ. ಬಾಸಿಲ್ ಜೋಸೆಫ್ ನಿರ್ದೇಶನದ 2021ರ ಮಲಯಾಳಂ ಸಿನಿಮಾ. ಅಮೆರಿಕಕ್ಕೆ ಹೋಗುವ ಕನಸಿನ ಟೈಲರ್ ಜೈಸನ್‌ಗೆ ಸಿಡಿಲು ಬಡಿದು ಸೂಪರ್‌ಹೀರೋ ಶಕ್ತಿ ಬರುತ್ತೆ.

ಜೋಸೆಫ್ ಕ್ಯಾಂಪ್‌ಬೆಲ್ 1949ರ ತನ್ನ ಪುಸ್ತಕದಲ್ಲಿ ನಾಯಕನ ಪಯಣಕ್ಕೆ ಮೂರು ಹಂತ ಹೇಳಿದ್ದಾನೆ: ಊರು ಬಿಡೋದು, ಪರೀಕ್ಷೆ ಗೆಲ್ಲೋದು, ಗಳಿಸಿದ್ದನ್ನು ಹೊತ್ತು ಮರಳೋದು. ಜೈಸನ್ ಮಾತ್ರ ಊರಲ್ಲೇ ಇದ್ದು ಹೀರೋ ಆಗ್ತಾನೆ.

ನಮ್ಮ ಕಡೆ ಮೊದಲ ಹಂತ ಸಲೀಸು. ವಾಡಿ ಜಂಕ್ಷನ್ನಿಂದ ಒಂದು ಹಳಿ ಮುಂಬೈಗೆ, ಒಂದು ಸಿಕಂದರಾಬಾದಿಗೆ, ಇನ್ನೊಂದು ರಾಯಚೂರಿನ ಕಡೆಗೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ನನ್ನ ಗೆಳೆಯರೂ ಹೀಗೇ ಹೊರಟವರು. ಪಕ್ಕದ ಶಹಾಬಾದಿನ ಕಲ್ಲೂ ಅಷ್ಟೇ. ಬೇರೆಯವರ ಮನೆಯ ನೆಲವಾಗುತ್ತೆ, ವಾಪಸ್ ಬರಲ್ಲ.

ನಾನು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಬಂದು ಒಂಬತ್ತು ವರ್ಷ. ಇಂಟರ್‌ವ್ಯೂ, ಪ್ರಮೋಷನ್, ಹೋಮ್ ಲೋನ್ ಎಲ್ಲ ಆಯ್ತು. ಈ ನಡುವೆ ಅಪ್ಪ ಹೋದರು. ಅವ್ವ ಒಬ್ಬಳೇ ಇದ್ದಾಳೆ. ಮೂರನೇ ಹಂತ ಹಾಗೇ ಬಾಕಿ.

ಸಿನಿಮಾ ಮುಗೀತು. ‘ಅಷ್ಟು ಶಕ್ತಿ ಬಂದ್ರೂ ಊರು ಬಿಡ್ಲಿಲ್ಲ ನೋಡು ಅಂವ,’ ಅಂದಳು ಅವ್ವ. ನನಗೆ ಅಂತ ಹೇಳಿದ್ದಲ್ಲ. ಆದರೂ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದ ನನ್ನ ಕೈ ನಿಂತಿತು.

ಆಮೇಲೆ ಅವಳೇ ರೊಟ್ಟಿ ಕಟ್ಟಿಕೊಟ್ಟಳು.