ಮಳೆ ಬಂದರೆ ನಿಲ್ಲುವ ಸಿನಿಮಾ

ಕೆಲವು ಸಾವಿರ ರೂಪಾಯಿ ಕೊಟ್ಟರೆ ಟಿವಿಯ ಬೆನ್ನಿಗೆ ಚುಚ್ಚಿಡುವ ಬೆರಳುದ್ದದ ಸ್ಟಿಕ್ಕು ಸಿಗುತ್ತದೆ. ಅದರ ರಿಮೋಟನ್ನು ಬಾಯಿಯ ಹತ್ತಿರ ಹಿಡಿದು ಸಿನಿಮಾದ ಹೆಸರು ಹೇಳಿದರೆ ಸಾಕು, ಹುಡುಕಿ ಮುಂದಿಡುತ್ತದೆ. ಹಾಗಿರುವಾಗ ಸಿನಿಮಾ ನೋಡಲಿಕ್ಕೆಂದೇ ಒಂದು ಕಂಪ್ಯೂಟರು ಕಟ್ಟಿಕೊಳ್ಳುವ ಉಸಾಬರಿ ಯಾಕೆ ಎಂದು ಮನೆಗೆ ಬಂದವರು ಕೇಳುವುದುಂಟು. ಅವರಿಗೆ ನಾನು ಬೀರುವಿನ ಕೆಳಗಿನ ಅರೆಯನ್ನು ತೆರೆದು ತೋರಿಸುತ್ತೇನೆ. ಅಲ್ಲಿ ವಿಸಿಡಿಗಳಿವೆ, ಡಿವಿಡಿಗಳಿವೆ, ಅಕ್ಕನ ಮದುವೆಯ ವಿಡಿಯೊ ಕ್ಯಾಸೆಟ್ಟಿದೆ. ರಾಜ್‌ಕುಮಾರರ 1971ರ ‘ಕಸ್ತೂರಿ ನಿವಾಸ’ ಇದೆ, ಕಪ್ಪು ಬಿಳುಪಿನದು. 2014ರಲ್ಲಿ ಅದಕ್ಕೆ ಬಣ್ಣ ಹಚ್ಚಿ ಮತ್ತೆ ಬಿಡುಗಡೆ ಮಾಡಿದರು. ಬಣ್ಣ ಚೆನ್ನಾಗಿಯೇ ಇದೆಯಂತೆ, ಇರಲಿ. ನನಗೆ ಕಪ್ಪು ಬಿಳುಪೇ ಬೇಕು. ಈ ಹಟ ಸ್ಟಿಕ್ಕಿಗೆ ತಿಳಿಯುವುದಿಲ್ಲ. ಈ ತಿಂಗಳು ಆ್ಯಪಿನಲ್ಲಿದ್ದ ಸಿನಿಮಾ ಮುಂದಿನ ತಿಂಗಳು ಅಲ್ಲೇ ಇರುತ್ತದೆಂಬ ಭರವಸೆಯೂ ಇಲ್ಲ. ದುಡ್ಡು ಕೊಟ್ಟು ತಂದ ಡಿಸ್ಕು ಹಾಗೆಲ್ಲ ಹೇಳದೆ ಕೇಳದೆ ಎದ್ದು ಹೋಗುವುದಿಲ್ಲ.

ಆದರೆ ಈ ಹಟಕ್ಕೂ ಬೆಲೆ ತೆರಬೇಕು. ವಿಸಿಡಿಯ ಚಿತ್ರ ಎಂದರೆ ಅಡ್ಡಕ್ಕೆ 352, ಎತ್ತರಕ್ಕೆ 288 ಚುಕ್ಕಿ. ಈಗಿನ 4ಕೆ ಟಿವಿಯಲ್ಲಿ ಅಡ್ಡಕ್ಕೆ 3840, ಎತ್ತರಕ್ಕೆ 2160. ಲೆಕ್ಕ ಹಾಕಿದರೆ ಅಂದಿನ ಒಂದು ಚುಕ್ಕಿ ಇಂದಿನ ಎಂಬತ್ತಕ್ಕೂ ಹೆಚ್ಚು ಚುಕ್ಕಿಗಳ ಜಾಗ ತುಂಬಬೇಕು. ಹತ್ತಿರ ಕೂತರೆ ರಾಜ್‌ಕುಮಾರರ ಮೂಗು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತದೆ. ದೂರ ಕೂತರೆ ರಾಜ್‌ಕುಮಾರರೇ.

ಬೆಂಗಳೂರಿನ ಚಾಮರಾಜಪೇಟೆಯವರಾದ ನಮಗೆ ಎಸ್‌.ಪಿ. ರೋಡ್ ನಡೆದು ಹೋಗುವಷ್ಟು ಹತ್ತಿರ. ಮೆಮೊರಿ, ಮದರ್‌ಬೋರ್ಡು, ಸಿಸಿಟಿವಿ ಕ್ಯಾಮೆರಾ, ಹಳೇ ಕೀಬೋರ್ಡು ಎಲ್ಲವೂ ಫುಟ್‌ಪಾತಿಗೆ ಚೆಲ್ಲಿಕೊಂಡಿರುವ ಬೀದಿ. ಇಬ್ಬರು ನಿಂತರೆ ತುಂಬಿಹೋಗುವ ಅಂಗಡಿಯೊಂದರ ಗಾಜಿನ ಕೌಂಟರಿನ ಹಿಂದಿದ್ದವರು ಕೊಟೇಷನ್ ಪುಸ್ತಕ ತೆರೆದು, “ಗೇಮಿಂಗಾ ಸಾರ್, ಎಡಿಟಿಂಗಾ?” ಎಂದು ಕೇಳಿದರು. “ಸಿನಿಮಾ ನೋಡೋಕೆ” ಎಂದೆ. ಗ್ರಾಫಿಕ್ಸ್ ಕಾರ್ಡಿನ ಡಬ್ಬದತ್ತ ಹೊರಟಿದ್ದ ಅವರ ಕೈ ಅರ್ಧ ದಾರಿಯಲ್ಲೇ ನಿಂತಿತು. “ಅಷ್ಟೇನಾ?” ಎಂದರು. ಅಷ್ಟೇ. ಹತ್ತು ಸಲ ಸೊನ್ನೆ ಬರೆಯಬಹುದಾಗಿದ್ದ ಹಾಳೆಯಲ್ಲಿ ಪಾಪ ನಾಲ್ಕೇ ಸಾಲು ಬರೆದುಕೊಟ್ಟರು.

ಸಿನಿಮಾ ನೋಡುವ ಕಂಪ್ಯೂಟರಿಗೆ ಬಲಕ್ಕಿಂತ ಮೌನ ಮುಖ್ಯ. ಇಂಟೆಲ್‌ನವರ ಎನ್100 ಎಂಬ ಚಿಪ್ಪು 2023ರಲ್ಲಿ ಬಂತು. ಅದು ಬೇಡುವುದು ಆರು ವ್ಯಾಟಿನ ಆಸುಪಾಸು. ಮನೆಯ ಎಲ್‌ಇಡಿ ಬಲ್ಬೇ ಅದಕ್ಕಿಂತ ಹೆಚ್ಚು ತಿನ್ನುತ್ತದೆ. ವಿಡಿಯೊ ಬಿಡಿಸುವುದಕ್ಕೆಂದೇ ಅದರೊಳಗೆ ಬೇರೆ ಸರ್ಕ್ಯೂಟು ಇದೆಯಾದ್ದರಿಂದ 4ಕೆ ಸಿನಿಮಾ ಓಡಿದರೂ ಬೆವರುವುದಿಲ್ಲ. ಮೇಲೊಂದು ಅಲ್ಯೂಮಿನಿಯಂ ಹೀಟ್‌ಸಿಂಕ್ ಕೂರಿಸಿದರೆ ಫ್ಯಾನೇ ಬೇಡ. ನಾಯಕಿ ಪಿಸುಗುಟ್ಟುವ ಹೊತ್ತಿಗೆ ಟಿವಿಯ ಪಕ್ಕದಿಂದ ಗುಂಯ್ ಅನ್ನುವ ಸದ್ದು ಬಂದರೆ ಎಷ್ಟು ದೊಡ್ಡ ಪರದೆಯಿದ್ದೂ ಏನು ಸುಖ? ಸಿನಿಮಾಗಳನ್ನು ತುಂಬಿಟ್ಟ, ಗೊಣಗುವ ದೊಡ್ಡ ಹಾರ್ಡ್‌ಡಿಸ್ಕುಗಳನ್ನೆಲ್ಲ ಹಳೇ ಕಂಪ್ಯೂಟರಿನಲ್ಲಿಟ್ಟು ಬೀದಿಬದಿಯ ಕೋಣೆಗೆ ಹಾಕಿದೆ. ಹಿಂದಿನ ಹಜಾರದಲ್ಲಿ ಟಿವಿ ಮತ್ತು ಈ ಮೌನಿ. ನಡುವೆ ವೈಫೈ. ಕಥೆ ಶುರುವಾಗುವುದೇ ಈ ನಡುವೆಯಲ್ಲಿ; ಅದಕ್ಕೆ ಮೊದಲು ಎರಡು ಸಣ್ಣ ಪುಟ್ಟ ಸಂಗತಿಗಳಿವೆ.

ಸಿನಿಮಾ ಓಡಿಸುವುದು ಕೋಡಿ ಎಂಬ ತಂತ್ರಾಂಶ. 2002ರಲ್ಲಿ ಎಕ್ಸ್‌ಬಾಕ್ಸ್ ಎಂಬ ಆಟದ ಪೆಟ್ಟಿಗೆಗಾಗಿ ಹವ್ಯಾಸಿಗಳು ಬರೆಯಲು ತೊಡಗಿದ್ದು; ಎಕ್ಸ್‌ಬಿಎಂಸಿ ಎಂಬ ಹೆಸರಿನಲ್ಲಿ ಬೆಳೆದು 2014ರಲ್ಲಿ ಕೋಡಿಯಾಯಿತು. ಪುಕ್ಕಟೆ. ಫೈಲಿನ ಹೆಸರು ನೋಡಿ ಪೋಸ್ಟರು, ತಾರಾಗಣ ಎಲ್ಲವನ್ನೂ ತಾನೇ ತಂದು ಜೋಡಿಸುವ ಉತ್ಸಾಹಿ. ಆದರೆ ಕನ್ನಡದಲ್ಲಿ ‘ನಾಗರಹಾವು’ ಒಂದೇ ಇದೆಯೆ? ಪುಟ್ಟಣ್ಣನವರದು 1972ರದು, ಉಪೇಂದ್ರರದು 2002ರದು, ಕಂಪ್ಯೂಟರಿನಲ್ಲಿ ವಿಷ್ಣುವರ್ಧನ್‌ರನ್ನು ಮರಳಿ ಮೂಡಿಸಿದ್ದು 2016ರದು. ಇಸವಿ ಬರೆಯದೆ ಬಿಟ್ಟರೆ ಪುಟ್ಟಣ್ಣನವರ ರಾಮಾಚಾರಿಯನ್ನು ಒತ್ತಿದವರಿಗೆ ಉಪೇಂದ್ರರ ಮುಖ ಎದುರಾಗುತ್ತದೆ. ‘ಗಂಧದ ಗುಡಿ’ಯದೂ ಇದೇ ಪಾಡು. 1973ರ ತಂದೆ ರಾಜ್‌ಕುಮಾರರ ಚಿತ್ರಕ್ಕೆ 2022ರ ಮಗನ ಪೋಸ್ಟರು ಬಂದು ಕೂರುತ್ತದೆ. ಇದನ್ನು ಮಾತ್ರ ಸರಿಪಡಿಸುವಾಗ ಸ್ವಲ್ಪ ಹೊತ್ತು ಹಾಗೇ ಬಿಟ್ಟು ನೋಡಿದ್ದೆ.

ಇನ್ನೊಂದು, ಅಡಿಬರಹದ ಸಂಗತಿ. ಅಮ್ಮನಿಗಾಗಿ ಗೆಳೆಯನೊಬ್ಬ ‘ಪಥೇರ್ ಪಾಂಚಾಲಿ’ಯ ಸಂಭಾಷಣೆಯನ್ನು ಕನ್ನಡದಲ್ಲಿ ಟೈಪಿಸಿ ಕೊಟ್ಟಿದ್ದ. ಹಾಕಿದರೆ ದುರ್ಗಾ ಬಾಯಿ ತೆರೆದಾಗಲೆಲ್ಲ ಕೆಳಗೆ ಇಂಗ್ಲಿಷ್ ಅಕ್ಷರಗಳೂ ಸೊಟ್ಟ ಚಿಹ್ನೆಗಳೂ ಕಲಸಿ ಬರುತ್ತಿದ್ದವು. ಅವನು ಟೈಪಿಸಿದ್ದು ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನಲ್ಲಿ. ಪರಿವರ್ತಿಸಿದ ಮೇಲೆ ಚೌಕಗಳು ಬಂದವು. ಕನ್ನಡ ಫಾಂಟು ಹಾಕಿದ ಮೇಲೆ ಅಕ್ಷರಗಳು ಬಂದವು, ಒತ್ತುಗಳು ಮಾತ್ರ ಕೆಳಗಿಳಿಯಲು ಒಪ್ಪದೆ ಪಕ್ಕದಲ್ಲೇ ನಿಂತವು. ಅದನ್ನೂ ಸರಿಪಡಿಸಿಯಾಯಿತು. ಅಮ್ಮ ಇಡೀ ಸಿನಿಮಾ ನೋಡಿ ಕಣ್ಣೊರೆಸಿಕೊಂಡು, “ಓದೋದೇನೂ ಬೇಕಿರಲಿಲ್ಲ ಕಣೋ, ಹಾಗೇ ತಿಳಿಯತ್ತೆ” ಎಂದರು.

ಇನ್ನು ಮಳೆಯ ವಿಷಯ. ಯೋಗರಾಜ ಭಟ್ಟರ 2006ರ ‘ಮುಂಗಾರು ಮಳೆ’ ಹಾಕಿದ್ದೆವು. ಮಾತಿನ ದೃಶ್ಯಗಳು ಸರಾಗವಾಗಿ ಸಾಗಿದವು. ಜೋರು ಮಳೆ ಹಿಡಿಯಿತು, ಚಿತ್ರ ನಿಂತು ಚಕ್ರ ಸುತ್ತತೊಡಗಿತು. ಮಳೆ ಬಿಟ್ಟಿತು, ಸಿನಿಮಾ ಓಡಿತು. ಮತ್ತೆ ಮಳೆ, ಮತ್ತೆ ಚಕ್ರ. “ಡಿಶ್ ಇದ್ದಾಗ್ಲೂ ಹೀಗೇ ಅಲ್ವೇನೋ, ಮಳೆ ಬಂದ್ರೆ ಟಿವಿ ಹೋಗ್ತಿತ್ತು” ಎಂದರು ಅಮ್ಮ. ಮಳೆಹನಿ ಡಿಶ್ಶಿನ ಸಿಗ್ನಲ್ಲನ್ನು ನುಂಗುವುದು ನಿಜ. ಆದರೆ ಹೊರಗೆ ಸುಡುಬಿಸಿಲಿತ್ತು, ಮಳೆ ಇದ್ದದ್ದು ಟಿವಿಯೊಳಗೆ.

ಆದರೂ ಅಮ್ಮ ಹೇಳಿದ್ದರಲ್ಲಿ ಅರ್ಧ ಸರಿ. ತಪ್ಪಿತಸ್ಥ ಮಳೆಯೇ. ವಿಡಿಯೊ ಫೈಲಿನಲ್ಲಿ ಪ್ರತಿ ಚಿತ್ರವನ್ನೂ ಪೂರ್ತಿ ಬರೆದಿರುವುದಿಲ್ಲ. ಹಿಂದಿನ ಚಿತ್ರಕ್ಕಿಂತ ಬದಲಾದದ್ದನ್ನಷ್ಟೇ ಬರೆದಿರುತ್ತದೆ. ಇಬ್ಬರು ಕೂತು ಮಾತಾಡುವಾಗ ಬದಲಾಗುವುದು ತುಟಿ ಮತ್ತು ಕಣ್ಣು. ಮಳೆಯಲ್ಲಿ ಒಂದೊಂದು ಹನಿಯೂ ಹೊಸದು, ಜೋಗದ ಜಲಪಾತದಲ್ಲಿ ಒಂದೊಂದು ನೊರೆಯೂ ಬೇರೆ. ಹಾಗಾಗಿ ಆ ಹೊತ್ತಿಗೆ ಫೈಲಿನ ದಾಹ ಏರುತ್ತದೆ. ಸ್ವಲ್ಪ ಹೊತ್ತಿನ ಮಳೆಯನ್ನು ಕಂಪ್ಯೂಟರು ಮುಂಚಿತವಾಗಿ ಕೂಡಿಟ್ಟುಕೊಂಡಿದ್ದರಲ್ಲಿ ನಿಭಾಯಿಸುತ್ತದೆ. ಯೋಗರಾಜ ಭಟ್ಟರ ಮಳೆ ಸ್ವಲ್ಪ ಹೊತ್ತಿನದಲ್ಲ.

ಅದೇ ಫೈಲನ್ನು ಹಜಾರದ ಕಂಪ್ಯೂಟರಿಗೇ ನಕಲು ಮಾಡಿ ಓಡಿಸಿದೆ. ಜೋಗವೂ ನಿಲ್ಲಲಿಲ್ಲ, ಮಳೆಯೂ ನಿಲ್ಲಲಿಲ್ಲ. ಅಲ್ಲಿಗೆ ಚಿಪ್ಪು ನಿರ್ದೋಷಿ, ಫೈಲು ನಿರ್ದೋಷಿ. ಉಳಿದದ್ದು ಗಾಳಿ.

ಸಿಗ್ನಲ್ ತೋರಿಸುವ ಆ್ಯಪ್ ಹಾಕಿಕೊಂಡು ಫೋನ್ ಕೈಯಲ್ಲಿ ಹಿಡಿದು ಮನೆಯೊಳಗೆಲ್ಲ ತಿರುಗಿದರೆ ಹುಟ್ಟಿ ಬೆಳೆದ ಮನೆಯೂ ಹೊಸದಾಗಿ ಪರಿಚಯವಾಗುತ್ತದೆ. ರೂಟರಿನ ಮುಂದೆ ಸಿಗ್ನಲ್ಲಿನ ಬಲ ಮೈನಸ್ 40 ಡಿಬಿಎಂ. ತಾತ ಕಟ್ಟಿಸಿದ ಒಂದಡಿಗೂ ಮೀರಿದ ಇಟ್ಟಿಗೆ ಗಾರೆಯ ಗೋಡೆ ದಾಟಿದರೆ ಮೈನಸ್ 60ರ ಕೆಳಗೆ. ಕನ್ನಡಿ ಹಚ್ಚಿದ ಉಕ್ಕಿನ ಬೀರುವಿನ ಹಿಂದೆ ಇನ್ನೂ ಕೆಳಗೆ. ಹಜಾರದಲ್ಲಿ ಮೈನಸ್ 80ರ ಹತ್ತಿರ ತೂಕಡಿಕೆ. 5 ಗಿಗಾಹರ್ಟ್ಸ್ ಅಲೆ ವೇಗದ್ದು, ಆದರೆ ಗೋಡೆ ಕಂಡರೆ ಸೋಲುತ್ತದೆ. 2.4 ಗಿಗಾಹರ್ಟ್ಸ್ ಗೋಡೆ ದಾಟಿ ಬರುತ್ತದೆ, ಅಲ್ಲಿ ಜನಜಂಗುಳಿ. ಲೈಸೆನ್ಸ್ ಬೇಡವೆಂದು ಸರ್ಕಾರ 2005ರಲ್ಲಿ ಬಿಟ್ಟುಕೊಟ್ಟ ಪಟ್ಟಿಯದು. ಬ್ಲೂಟೂತ್ ಅಲ್ಲೇ, ಪಕ್ಕದ ಮನೆಯವರ ವೈಫೈ ಅಲ್ಲೇ, ಮೈಕ್ರೊವೇವ್ ಒಲೆಯೂ ಅಲ್ಲೇ. ಹೆಂಡತಿ ಅನ್ನ ಬಿಸಿಗಿಟ್ಟರೆ ಫೋನಿನ ಗ್ರಾಫು ಕುಸಿಯುವುದನ್ನು ಕಣ್ಣಾರೆ ನೋಡಿದೆ. “ರೀ, ಊಟ ಬೇಕೋ ಸಿನಿಮಾ ಬೇಕೋ ಮೊದ್ಲು ಹೇಳಿ” ಎಂಬ ಅವಳ ಪ್ರಶ್ನೆ ತಾಂತ್ರಿಕವಾಗಿ ಸರಿಯಾಗಿಯೇ ಇತ್ತು.

ಈ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು ಮೂರೇ: 1, 6, 11. ನಮ್ಮ ಬೀದಿಯ ಅರ್ಧ ಮನೆಗಳು 6ರಲ್ಲಿ ಕೂತಿದ್ದವು. ನಾನು 11ಕ್ಕೆ ಎದ್ದು ಹೋದೆ. ತುಸು ಹಗುರಾಯಿತು, ಸಾಲಲಿಲ್ಲ. ವೈಫೈಯಲ್ಲಿ ಒಂದು ಚಾನೆಲ್ಲಿನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಮದುವೆಮನೆ ಪಂಕ್ತಿಗೆ ಒಬ್ಬನೇ ಸಾರು ಬಡಿಸುವವನಿದ್ದ ಹಾಗೆ: ಮೂಲೆಯ ಹಿರಿಯರೊಬ್ಬರು “ತಿಳಿ ಹಾಕಪ್ಪಾ, ಗಸಿ ಬೇಡ, ಇನ್ನೊಂಚೂರು” ಎಂದು ನಿಧಾನಿಸಿದರೆ ಸಾಲಿನವರೆಲ್ಲ ಬರಿ ಅನ್ನ ನೋಡುತ್ತಾ ಕೂರಬೇಕು. ನಮ್ಮಲ್ಲಿ ಆ ಹಿರಿಯರು ಹಿತ್ತಿಲ ಕೋಣೆಯ ಹಳೇ ಫೋನು.

ರೂಟರಿನ ಕೊಂಬುಗಳ ಬಗ್ಗೆಯೂ ಒಂದು ಮಾತು. ಸಿಗ್ನಲ್ ಬೇಕಾದ ಕಡೆಗೆ ಅವನ್ನು ಗುರಿಯಿಟ್ಟು ಬಗ್ಗಿಸುವವರಿದ್ದಾರೆ. ಕೊಂಬಿನ ತುದಿಯ ದಿಕ್ಕಿಗೇ ಅಲೆ ತೀರಾ ಕಡಿಮೆ. ಅದು ಹರಡುವುದು ಪಕ್ಕಗಳಿಗೆ. ನೆಟ್ಟಗೆ ನಿಲ್ಲಿಸುವುದು ಒಳ್ಳೆಯದು. ಮನೆಯ ನಟ್ಟನಡುವೆ, ಎತ್ತರದಲ್ಲಿಡುವುದು ಇನ್ನೂ ಒಳ್ಳೆಯದು. ನಮ್ಮ ಮನೆಯ ನಟ್ಟನಡುವೆ ಎತ್ತರದಲ್ಲಿರುವುದು ದೇವರ ಗೂಡು. ಅಮ್ಮನನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಪರಿಚಯದವರೊಬ್ಬರು ರಿಪೀಟರ್ ತಂದು ಸಿಕ್ಕಿಸಿದರು. ಅಗ್ಗದ ರಿಪೀಟರುಗಳು ಕೇಳುವುದೂ ಹೇಳುವುದೂ ಒಂದೇ ರೇಡಿಯೊದಲ್ಲಿ, ಆದ್ದರಿಂದ ವೇಗ ಅರ್ಧಕ್ಕರ್ಧ ಅಲ್ಲೇ ಕರಗುತ್ತದೆ. ಫೋನಿನಲ್ಲಿ ಕಡ್ಡಿಗಳು ತುಂಬಿ ಕಂಡವು, ಚಕ್ರ ಮಾತ್ರ ಮೊದಲಿಗಿಂತ ಗಂಭೀರವಾಗಿ ಸುತ್ತಿತು.

ಕೊನೆಗೆ ತಂತಿಯೇ ಸರಿ ಎಂದಾಯಿತು. “ನಿಮ್ಮ ತಾತ ಕಟ್ಟಿಸಿದ ಗೋಡೆಗೆ ತೂತಾ?” ಎಂದು ಅಮ್ಮ, “ಕಣ್ಣಿಗೆ ಕಾಣಬಾರದು” ಎಂದು ಹೆಂಡತಿ. ಬಾಗಿಲ ಮೇಲಿನ ಗವಾಕ್ಷಿಗಳು ಇಬ್ಬರ ಮಾತನ್ನೂ ಉಳಿಸಿದವು. ಕ್ಯಾಟ್-6 ಕೇಬಲ್ಲು ಗವಾಕ್ಷಿಯಿಂದ ಗವಾಕ್ಷಿಗೆ ಹಾದು ಹಜಾರಕ್ಕಿಳಿಯಿತು. ತುದಿಗೆ ಪ್ಲಗ್ಗು ಹಾಕಲು ಬಂದ ಹುಡುಗ ಎಂಟು ಎಳೆಗಳನ್ನು ಹೆಬ್ಬೆರಳಿನಲ್ಲಿ ತೀಡಿ ನೇರ ಮಾಡಿ, ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ ಎಂದು ತುಟಿಯಲ್ಲೇ ಹೇಳಿಕೊಳ್ಳುತ್ತಾ ಕ್ರಿಂಪಿಂಗ್ ಇಕ್ಕಳದಲ್ಲಿ ಕಟಕ್ಕೆನಿಸಿದ. ದೀಪ ಹತ್ತಿತು. ಆದರೆ ಪರದೆಯ ಮೇಲೆ ಸಂಪರ್ಕದ ವೇಗ 1000 ಎಂಬಿಪಿಎಸ್ ಇರಬೇಕಾದಲ್ಲಿ 100 ಎಂದಿತ್ತು. ಇದರಲ್ಲಿ ಒಂದು ಸುಳಿವಿದೆ: 100ಕ್ಕೆ ಎರಡು ಜೋಡಿ ಎಳೆ ಸಾಕು, 1000ಕ್ಕೆ ನಾಲ್ಕೂ ಬೇಕು. ಎಲ್ಲೋ ಒಂದೆಳೆ ಕೂತಿಲ್ಲ ಎಂದರ್ಥ. ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿದರೆ ಕಂದು ಎಳೆ ಪಿನ್ನಿನ ತುದಿ ಮುಟ್ಟದೆ ಕೂದಲೆಳೆಯಷ್ಟು ಹಿಂದೆ ನಿಂತಿತ್ತು. ಹುಡುಗ ಅದನ್ನು ಕತ್ತರಿಸಿ ಹೊಸದು ಹಾಕಿದ. 1000 ಬಂತು. ಅಂದು ಸಂಜೆ ಜೋಗದಲ್ಲಿ ಧಾರಾಕಾರ ಮಳೆ, ಚಕ್ರದ ಸುಳಿವಿಲ್ಲ.

ಫೋನಿಗೆ ವೈಫೈ ಇರಲಿ, ಗೋಡೆಗೆ ತೂಗುಹಾಕಿದ ಟಿವಿಗೆ ತಂತಿ ಎಳೆಯಿರಿ. ಕೇಬಲ್ ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಎಂದು ಕೇಳಿ ತೆಗೆದುಕೊಳ್ಳಿ. ಅಂಗಡಿಯಲ್ಲೇ ಒಂದೆಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ಬೇಡವೆನ್ನಿ. ಭಾನುವಾರ ಮಾತ್ರ ಹೋಗಬೇಡಿ, ಎಸ್‌.ಪಿ. ರೋಡಿನಲ್ಲಿ ಅಂದು ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರುತ್ತದೆ.