ಹಳೆಯ ಮೋಟಾರಿನ ಬುದ್ಧಿ

ವ್ಯಾಧಿಯು ಒಂದೆಡೆ, ವೇದನೆಯು ಇನ್ನೊಂದೆಡೆ ಇರುವುದು ವೈದ್ಯರಿಗೆ ಹೊಸತಲ್ಲ. ಮೋಟಾರು ಗಾಡಿಗಳ ವಿಷಯವೂ ಇದಕ್ಕಿಂತ ಭಿನ್ನವಲ್ಲ.

ಹಿಂದಿನ ಗಾಡಿಗಳಿಗೆ ಕಾರ್ಬ್ಯುರೇಟರು ಇದ್ದಿತು. ಕಿವಿಗೊಟ್ಟು ಕೇಳಿ ಸ್ಕ್ರೂ ತಿರುಗಿಸಬಲ್ಲ ಮಿಸ್ತ್ರಿಯೇ ಅದಕ್ಕೆ ಧನ್ವಂತರಿ. 1967ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯು ಫೋಕ್ಸ್‌ವ್ಯಾಗನ್ ಗಾಡಿಗೆ, ಪೆಟ್ರೋಲನ್ನು ಅಳೆದು ಕೊಡುವ ವಿದ್ಯುನ್ಮಾನ ಪೆಟ್ಟಿಗೆಯೊಂದನ್ನು ಅಳವಡಿಸಿತು. ನಮ್ಮ ದೇಶದಲ್ಲಿ 2000ನೆಯ ಇಸವಿಯ ಹೊಗೆ ನಿಯಮಗಳು ಬಂದ ತರುವಾಯ ಸಣ್ಣ ಕಾರುಗಳಲ್ಲಿಯೂ ಅದು ಸಾಮಾನ್ಯವಾಯಿತು. ಬಲ್ಲವರು ಅದನ್ನು ಇ.ಸಿ.ಯು. ಎನ್ನುವರು, ನಮ್ಮ ವಿಜಯಪುರದ ಮಿಸ್ತ್ರಿಗಳಿಗೆ ಅದು 'ಕಂಪ್ಯೂಟರ್'.

ಗೋಳಗುಮ್ಮಟವನ್ನು ಏರಿದವರು ಅದರ ವ್ಯವಹಾರವನ್ನು ಸುಲಭವಾಗಿ ಗ್ರಹಿಸಬಲ್ಲರು. ಅಲ್ಲಿ ಗೋಡೆಗೆ ಬಾಯಿ ಹಚ್ಚಿ ಮೆಲ್ಲನೆ ಆಡಿದ ಮಾತು ಎದುರು ಬದಿಗೆ ಕೇಳಿಸುವುದಷ್ಟೆ. ಆದರೆ ಶಾಲೆಯ ಮಕ್ಕಳ ಒಂದು ತಂಡ ಕೂಗತೊಡಗಿತೋ, ಪಿಸುಮಾತು ಅಡಗಿತು. (ಅಂತಹ ತಂಡಗಳನ್ನು ಎಷ್ಟೋ ಸಲ ಕರೆದೊಯ್ದವನು ನಾನೇ!) ಗಾಡಿಯ ಸೆನ್ಸರುಗಳೂ ಹೀಗೆಯೇ ಪಿಸುಗುಟ್ಟುತ್ತವೆ. ಅವುಗಳಲ್ಲಿ ಹಲವಕ್ಕೆ ಪೆಟ್ಟಿಗೆಯು 5 ವೋಲ್ಟು ಕೊಟ್ಟು, ಮರಳುವ ಅಲ್ಪಸ್ವಲ್ಪ ವೋಲ್ಟಿನಿಂದ ನೀರಿನ ಉಷ್ಣತೆ, ಗಾಳಿಯ ಒತ್ತಡ ಮುಂತಾದುವನ್ನು ಅರಿಯುವುದು. ಅರ್ಥಿಂಗ್ ತಂತಿಗೆ ಕಿಲುಬು ಹಿಡಿದರೆ ಅರ್ಧ ವೋಲ್ಟಿನ ವ್ಯತ್ಯಾಸವೇ ಗದ್ದಲವಾಗಿ, ಸುದ್ದಿಯೆಲ್ಲ ಸುಳ್ಳಾಗುವುದು.

ನನ್ನ ಪತ್ನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗತಕ್ಕದ್ದು. ತಿಕೋಟಾದಿಂದ ವಿಜಯಪುರಕ್ಕೆ ನಮ್ಮ ಹಳೆಯ ಗಾಡಿಯೇ ಗತಿ. ಕಳೆದ ಬೇಸಿಗೆಯಲ್ಲಿ ಅದು ಬಿಸಿಯೇರಿದೊಡನೆ ನಿಲ್ಲತೊಡಗಿತು. ತಣ್ಣಗಾದ ಮೇಲೆ ಏನೂ ಆಗದಂತೆ ಹೊರಡುವುದು. ಬಟಾಬಯಲಿನ ಎರೆಭೂಮಿಯ ನಡುವೆ, ನೆರಳಿಲ್ಲದ ರಸ್ತೆಯಲ್ಲಿ, ರೋಗಿಯನ್ನು ಕೂಡಿಸಿಕೊಂಡು ಕಾಯುವ ಕಷ್ಟವನ್ನು ಬಣ್ಣಿಸಲಾರೆನು. ಒಂದು ಗ್ಯಾರೇಜಿನಲ್ಲಿ ಎಂಜಿನ್ ದೀಪವನ್ನು ಕಂಡೊಡನೆಯೇ, "ಮಾಸ್ತರ, ಕಂಪ್ಯೂಟರ್ ಹೋಗೇತ್ರಿ" ಎಂದು ನನ್ನ ಅರ್ಧ ತಿಂಗಳ ಪಿಂಚಣಿಯಷ್ಟು ಬೆಲೆ ಹೇಳಿದರು.

ತರ್ಕಸಂಗ್ರಹ ಓದಿದವನಿಗೆ ಇದು ಒಪ್ಪಿಗೆಯಾಗಲಿಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಏಕೆಂದರೆ ಅಲ್ಲಿ ವ್ಯಾಪ್ತಿಯಿದೆ. ದೀಪದಿಂದ ಪೆಟ್ಟಿಗೆಯ ದೋಷವನ್ನು ಊಹಿಸಲು ವ್ಯಾಪ್ತಿ ಎಲ್ಲಿದೆ? ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ವೈರಿಂಗ್ ಕೆಲಸದವನು. ಅವನು ಯಂತ್ರ ಹಚ್ಚಿ ಸಂಕೇತವನ್ನು ಓದಿದನು. ಅದು ಕ್ರ್ಯಾಂಕ್ ಸೆನ್ಸರನ್ನು ತೋರಿಸಿತು. "ಸರ, ಇದು ಯಾವ ಓಣ್ಯಾಗ ಜಗಳ ನಡದೇತಿ ಅಂತ ಹೇಳ್ತೈತ್ರಿ, ತಪ್ಪು ಯಾರದು ಅಂತಲ್ಲ" ಎಂದನು. ಅವನಿಗೆ ವ್ಯಾಕರಣ ಎಂದೂ ಬರಲಿಲ್ಲ. ಆದರೆ ಈ ವಾಕ್ಯಕ್ಕೆ ನಾನು ಪೂರ್ಣ ಅಂಕ ಕೊಡುವೆನು.

ಸ್ಟಾರ್ಟರು ತಿರುಗುವಾಗ ಬ್ಯಾಟರಿಯ ಋಣಾಗ್ರಕ್ಕೂ ಎಂಜಿನ್ನಿನ ಮೈಗೂ ನಡುವಿನ ವೋಲ್ಟನ್ನು ಅಳೆದನು. ಅರ್ಧಕ್ಕಿಂತ ಕಡಿಮೆ ಇರತಕ್ಕದ್ದು ಒಂದೂವರೆ ಇದ್ದಿತು. ಆ ಎರಡಕ್ಕೂ ದಪ್ಪ ಕೇಬಲ್ಲೊಂದನ್ನು ಕಚ್ಚಿಸಿದನು: ಗಾಡಿ ಎಷ್ಟು ಬಿಸಿಯಾದರೂ ನಿಲ್ಲಲಿಲ್ಲ. ಕೇಬಲ್ ತೆಗೆದನು: ನಿಂತಿತು. ಅನ್ವಯವ್ಯತಿರೇಕಗಳೆರಡೂ ಸಿದ್ಧಿಸಿದವು. ಕಿಲುಬು ಉಜ್ಜಿ, ಹೊಸ ಅರ್ಥಿಂಗ್ ಪಟ್ಟಿ ಹಾಕಿದ್ದಕ್ಕೆ ತಗಲಿದ ಹಣ ಒಂದು ಸಲದ ಪೆಟ್ರೋಲಿನಷ್ಟೂ ಆಗಲಿಲ್ಲ. ಆ ವಾರದ ಡಯಾಲಿಸಿಸ್ ತಪ್ಪಲಿಲ್ಲ.

ಪೆಟ್ಟಿಗೆಯು ಎಂದೂ ಕೆಡದೆಂದಲ್ಲ. ಎಂಜಿನ್ ನಡೆಯುವಾಗ ಬ್ಯಾಟರಿ ತಂತಿ ಕಳಚಿದರೆ ವೋಲ್ಟು ಒಮ್ಮೆಲೇ ಉಕ್ಕಿ ಅದನ್ನು ಸುಡಬಹುದು. ಇನ್ನೊಂದು ಗಾಡಿಯಿಂದ ಕರೆಂಟು ಪಡೆಯುವಾಗ ತಂತಿ ಅದಲುಬದಲಾದರೂ ಹಾಗೆಯೇ. ಗಾಡಿಗೆ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿಯನ್ನು ಬಿಚ್ಚಿಸತಕ್ಕದ್ದು. ಪಂಪಿನ ರಭಸದ ನೀರಿನಿಂದ ಎಂಜಿನ್ ತೊಳೆಯಿಸಬಾರದು. ಕಣಿಕೆಯ ಬಣವೆಯ ಬಳಿ ಗಾಡಿ ನಿಲ್ಲಿಸುವವರು ಇಲಿಗಳನ್ನು ಮರೆಯಬಾರದು. ಅವು ವೈರು ಕಡಿಯುವವು. ವಯಸ್ಸಾದಂತೆ ಒಳಗಿನ ಕೆಪಾಸಿಟರುಗಳು ಸೋರಿ ತಾಮ್ರದ ಗೆರೆಗಳನ್ನು ತಿನ್ನುವುದೂ ಉಂಟು. ಬೇಗನೆ ಕಂಡರೆ ಬೆಸುಗೆ ಬಲ್ಲವರು ಅವನ್ನಷ್ಟೇ ಬದಲಿಸುವರು. ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆ ಕೊಳ್ಳುವುದಾದರೆ ಮೇಲಿನ ಸಂಖ್ಯೆಯು ಅಕ್ಷರಶಃ ಹೊಂದಬೇಕು. ಕೆಲವು ಗಾಡಿಗಳಲ್ಲಿ ಕೀಲಿಕೈಗೂ ಪೆಟ್ಟಿಗೆಗೂ ಗುಟ್ಟಿನ ನಂಟಿರುವುದು. ಅಂತಹವಕ್ಕೆ, ಕೀಲಿಯನ್ನು ಹೊಸದಾಗಿ ಜೋಡಿಸಬಲ್ಲವರನ್ನು ಗೊತ್ತುಮಾಡಿಕೊಂಡೇ ಹಣ ಕೊಡತಕ್ಕದ್ದು.