ಹೆಸರು ಒಂದು, ನೆಲೆ ಹಲವು

ಹೂವಿನಹಡಗಲಿಯ ಸೀಮೆಯಲ್ಲಿ ಒಬ್ಬನು ಮತ್ತೊಬ್ಬನಿಗೆ "ಮೈಲಾರಕ್ಕೆ ಹೋಗಿ ಬಂದೆ" ಎಂದರೆ, ಕೇಳಿದವನು ಯಾವ ಮೈಲಾರವೆಂದು ಪ್ರಶ್ನಿಸುವುದಿಲ್ಲ. ತುಂಗಭದ್ರೆಯ ಬಳಿಯ, ಕಾರಣಿಕದ ಮೈಲಾರವೇ ಅವನ ಮನಸ್ಸಿಗೆ ಬರುವುದು. ಅದೇ ಮಾತನ್ನು ಬೀದರ ಜಿಲ್ಲೆಯಲ್ಲಿ ಆಡಿದರೆ ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿ ಕಣ್ಣ ಮುಂದೆ ನಿಲ್ಲುವುದು. ಎರಡೆಡೆಯಲ್ಲಿಯೂ ಕೇಳಿದವನಿಗೆ ಅನುಮಾನವಿಲ್ಲ. ಎರಡೆಡೆಯಲ್ಲಿಯೂ ಉತ್ತರ ಬೇರೆ. ಹಡಗಲಿಯ ವಿಷಯವೂ ಇಂಥದೇ. ಒಂದೇ ತಾಲ್ಲೂಕಿನಲ್ಲಿ ಹೂವಿನಹಡಗಲಿಯೂ ಉಂಟು, ಹಿರೇಹಡಗಲಿಯೂ ಉಂಟು. ಬರಿದೇ "ಹಡಗಲಿ" ಎಂದು ಟಿಕೆಟ್ಟು ಕೇಳಿದ ಪರವೂರಿನವನನ್ನು ಕಂಡಕ್ಟರನು ಒಮ್ಮೆ ದಿಟ್ಟಿಸಿ ನೋಡುವುದು ನ್ಯಾಯವೇ ಸರಿ.

ಈ ಸೀಮೆಯಿಂದಲೇ ಹೊರಟು ಬೆಂಗಳೂರಿನಲ್ಲಿ ಚಿಪ್ಪುಗಳ ವಿನ್ಯಾಸದ ಉದ್ಯೋಗ ಹಿಡಿದ ತರುಣನೊಬ್ಬನಿಗೆ ಇದೇ ತೊಡಕು ಬೇರೊಂದು ವೇಷದಲ್ಲಿ ಎದುರಾಯಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ತನ್ನ ವಿನ್ಯಾಸಕೇಂದ್ರವನ್ನು ತೆರೆದಂದಿನಿಂದ ಆ ನಗರದಲ್ಲಿ ಈ ವೃತ್ತಿ ಬೇರೂರಿ ಬೆಳೆದಿದೆ. ಆದರೆ ಅದರ ಒಳಗುಟ್ಟು ಹೊರಗಿನವರಿಗೆ ತಿಳಿದಿರುವುದು ವಿರಳ.

ಲಕ್ಷೋಪಲಕ್ಷ ಟ್ರಾನ್ಸಿಸ್ಟರುಗಳ ಮಂಡಲವನ್ನು ಯಾರೂ ಒಂದೊಂದಾಗಿ ಬರೆಯಲಾರರು. ದೊಡ್ಡ ಘಟಕದೊಳಗೆ ಸಣ್ಣ ಘಟಕ, ಅದರೊಳಗೆ ಇನ್ನೂ ಸಣ್ಣದು, ಹೀಗೆ ಇಳಿಯುತ್ತ ಹೋಗಿ ಕಟ್ಟಕಡೆಗೆ 'ಸೆಲ್' ಎಂಬ ಸಿದ್ಧ ತುಣುಕುಗಳನ್ನು ಮುಟ್ಟುತ್ತಾರೆ. ಸೆಲ್‌ಗಳನ್ನು ಸಂಗ್ರಹಿಸಿಟ್ಟ ಭಂಡಾರವೇ ಲೈಬ್ರರಿ. ಮೇಲಿನ ಘಟಕವು ಕೆಳಗಿನದನ್ನು ಕರೆಯುವಾಗ ವೆರಿಲಾಗ್ ಭಾಷೆಯಲ್ಲಿ ಬರೆಯುವುದು ಅದರ ಹೆಸರನ್ನು ಮಾತ್ರ. ಆ ಹೆಸರಿನ ಸೆಲ್ ಯಾವ ಲೈಬ್ರರಿಯದೆಂಬುದನ್ನು ಆ ಸಾಲು ಹೇಳುವುದಿಲ್ಲ. ಅದನ್ನು ಹುಡುಕಿ ಹೊಂದಿಸುವ ಭಾರ ಸಾಫ್ಟ್‌ವೇರಿನದು. ಮೊದಮೊದಲಿನ ಸಾಧನಗಳ ರೀತಿ ಸರಳವಾಗಿತ್ತು: ಆಜ್ಞೆಯ ಸಾಲಿನಲ್ಲಿ ಕಡತಗಳನ್ನೂ ಭಂಡಾರಗಳನ್ನೂ ಯಾವ ಕ್ರಮದಲ್ಲಿ ಬರೆದಿದೆಯೋ ಆ ಕ್ರಮದಲ್ಲಿಯೇ ತಡಕುವುದು, ಮೊದಲು ಸಿಕ್ಕಿದುದನ್ನು ಎತ್ತಿಕೊಳ್ಳುವುದು, ಅಲ್ಲಿಗೇ ನಿಲ್ಲುವುದು. ಎರಡನೆಯ ಭಂಡಾರದಲ್ಲಿಯೂ ಅದೇ ಹೆಸರಿನ ಸೆಲ್ ಇದ್ದೀತೆಂಬ ಯೋಚನೆ ಅದಕ್ಕಿಲ್ಲ.

ವಿನ್ಯಾಸವು ಮಿಶ್ರವಾದರಂತೂ ತೊಡಕು ಇಮ್ಮಡಿ. ಒಂದು ಭಾಗ ವೆರಿಲಾಗ್‌ನಲ್ಲಿ, ಮತ್ತೊಂದು ವಿಎಚ್‌ಡಿಎಲ್‌ನಲ್ಲಿ, ಅನಲಾಗ್ ಭಾಗವು ರೇಖಾಚಿತ್ರದಲ್ಲಿ ಇರುವುದುಂಟು. ಒಂದೇ ಸೆಲ್‌ಗೆ ವರ್ತನೆಯನ್ನು ಹೇಳುವ ಬರಹವೊಂದು, ರೇಖಾಚಿತ್ರವೊಂದು, ಸಿಲಿಕಾನಿನ ಮೇಲಿನ ವಿನ್ಯಾಸಚಿತ್ರವೊಂದು, ಹೀಗೆ ಹಲವು ನೋಟಗಳೂ ಉಂಟು. ಯಾವ ನೋಟವನ್ನು ಮೊದಲು ಆರಿಸಬೇಕು, ಯಾವುದನ್ನು ಮುಟ್ಟಿದಾಗ ಇನ್ನೂ ಕೆಳಗಿಳಿಯದೆ ನಿಲ್ಲಬೇಕು ಎಂಬುದಕ್ಕೂ ಪಟ್ಟಿಗಳು ಬೇಕು. ವೆರಿಲಾಗ್ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳನ್ನು ಬೇರೆ ಬೇರೆ ಎಂದೆಣಿಸುತ್ತದೆ. ವಿಎಚ್‌ಡಿಎಲ್ ಸಾಮಾನ್ಯವಾಗಿ ಎಣಿಸುವುದಿಲ್ಲ. ಕನ್ನಡದ ಲಿಪಿಗೆ ಈ ಭೇದವೇ ಇಲ್ಲದಿರುವುದು ಒಂದು ಪುಣ್ಯ! ಮತ್ತೆ, ವಿಎಚ್‌ಡಿಎಲ್‌ನಲ್ಲಿ 'ವರ್ಕ್' ಎಂಬ ಲೈಬ್ರರಿಯ ಮಾತು ಪದೇ ಪದೇ ಬರುತ್ತದೆ. ಹೊಸಬರು ಅದನ್ನು ಯಾವುದೋ ಒಂದು ನಿಶ್ಚಿತ ಭಂಡಾರವೆಂದು ಬಗೆಯುವರು. ವಾಸ್ತವವಾಗಿ ಅದು 'ನಮ್ಮೂರು' ಎಂಬ ಮಾತಿನಂತೆ. ಕೂಡ್ಲಿಗಿಯವನು ಆಡಿದರೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಯವನು ಆಡಿದರೆ ಹಗರಿಬೊಮ್ಮನಹಳ್ಳಿ. ಆ ಹೊತ್ತಿನಲ್ಲಿ ಯಾವ ಭಂಡಾರಕ್ಕೆ ಬರಹವನ್ನು ಸೇರಿಸಲಾಗುತ್ತಿದೆಯೋ ಅದೇ 'ವರ್ಕ್'.

2001ರ ವೆರಿಲಾಗ್ ಪ್ರಮಾಣಗ್ರಂಥವು ಈ ಗೊಂದಲಕ್ಕೆ ಒಂದು ಕಟ್ಟುಪಾಡನ್ನು ತಂದಿತು. ಮೂಲಬರಹವನ್ನು ಮುಟ್ಟದೆ, ಹೊರಗಡೆಯೇ 'ಕಾನ್ಫಿಗ್' ಎಂಬ ನಿರೂಪವನ್ನು ಬರೆದು, ಯಾವ ಘಟಕಕ್ಕೆ ಯಾವ ಲೈಬ್ರರಿಗಳನ್ನು ಯಾವ ಕ್ರಮದಲ್ಲಿ ನೋಡಬೇಕೆಂದು ವಿಧಿಸಬಹುದು. ಹೀಗೆ ಒಂದು ಘಟಕಕ್ಕೆ ಕೊಟ್ಟ ಪಟ್ಟಿ ಅದರ ಕೆಳಗಿನ ಸಂತತಿಗೆಲ್ಲ ತಾನಾಗಿ ಇಳಿದು ಬರುತ್ತದೆ.

ಮೇಲಿನವರ ಪಟ್ಟಿ ಕೆಳಗಿನವರಿಗೆ ಇಳಿಯುವುದೆಂದರೆ ಏನೆಂಬುದನ್ನು ಹರಪನಹಳ್ಳಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1953ರಲ್ಲಿ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಲ್ಲಿ ಹರಪನಹಳ್ಳಿಯೂ ಒಂದು. 1997ರಲ್ಲಿ ಅದನ್ನು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಲಾಯಿತು. ಒಂದು ಹೊಲದ ಬದುವೂ ಜರುಗಲಿಲ್ಲ, ಒಂದು ಊರಿನ ಹೆಸರೂ ಬದಲಾಗಲಿಲ್ಲ. ಆದರೆ 2012ರ ತಿದ್ದುಪಡಿ ಕಾಯಿದೆಯ ಮೂಲಕ ಸಂವಿಧಾನಕ್ಕೆ 371(ಜೆ) ವಿಧಿ ಸೇರಿ, ವಿದ್ಯೆ ಉದ್ಯೋಗಗಳಲ್ಲಿ ಮೀಸಲಾತಿಯ ಸೌಲಭ್ಯವು ಆರು ಜಿಲ್ಲೆಗಳಿಗೆ ದೊರೆತಾಗ ಆ ಪಟ್ಟಿಯಲ್ಲಿ ಬಳ್ಳಾರಿ ಇತ್ತು, ದಾವಣಗೆರೆ ಇರಲಿಲ್ಲ. ಕೂಡ್ಲಿಗಿ, ಹಡಗಲಿಗಳ ಮಕ್ಕಳಿಗೆ ದೊರೆತುದು ಪಕ್ಕದ ಹರಪನಹಳ್ಳಿಯ ಮಕ್ಕಳಿಗೆ ತಪ್ಪಿತು. ಹೋರಾಟದ ಬಳಿಕ ತಾಲ್ಲೂಕು ಬಳ್ಳಾರಿಗೆ ಮರಳಿತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹೊಸಪೇಟೆಗಳೊಡನೆ ವಿಜಯನಗರ ಜಿಲ್ಲೆಗೆ ಸೇರಿತು. ನಡುವಿನ ವರ್ಷಗಳಲ್ಲಿ ಪ್ರವೇಶದ ವಯಸ್ಸು ಮೀರಿದವರ ಲೆಕ್ಕವನ್ನು ಯಾವ ತಿದ್ದುಪಡಿಯೂ ಸರಿಪಡಿಸಲಾರದು.

ಇನ್ನು ಆ ತರುಣನ ಸಂಗತಿ. ಅವನ ಕೈಗೆ ಬಂದ ಘಟಕವೊಂದರೊಡನೆ ಅದರ ಹಳೆಯ ಲೈಬ್ರರಿಯೂ ಬಂದಿತ್ತು. ಹೊಸ ಲೈಬ್ರರಿಯಲ್ಲಿದ್ದ ಫ್ಲಿಪ್‌ಫ್ಲಾಪ್ ಸೆಲ್‌ನ ಹೆಸರೇ ಹಳೆಯದರಲ್ಲಿಯೂ ಇತ್ತು. ತಂತಿ ಕೂಡುವ ತುದಿಗಳೂ ಅವೇ. ಆದರೆ ಗಡಿಯಾರದ ಮಿಡಿತಕ್ಕೆ ಮುನ್ನ ಸಂಕೇತವು ಸ್ಥಿರವಾಯಿತೇ ಎಂದು ಪರಿಶೀಲಿಸುವ ಸಾಲುಗಳು ಹಳೆಯದರಲ್ಲಿ ಇರಲಿಲ್ಲ. ಆಜ್ಞೆಯ ಸಾಲಿನಲ್ಲಿ ಹಳೆಯ ಭಂಡಾರವೇ ಮುಂದೆ ನಿಂತಿತ್ತು. ಹೆಸರು ಸಿಗದಿದ್ದರೆ ಸಾಧನವು ಕೂಗಿ ಹೇಳುತ್ತಿತ್ತು. ತುದಿಗಳು ಹೊಂದದಿದ್ದರೂ ಗೊಣಗುತ್ತಿತ್ತು. ಇಲ್ಲಿ ಎಲ್ಲವೂ ಸಿಕ್ಕಿತು, ಎಲ್ಲವೂ ಹೊಂದಿತು. ಮೂರು ವಾರಗಳ ಕಾಲ ಪ್ರತಿರಾತ್ರಿಯ ಪರೀಕ್ಷೆ ನಿರ್ದೋಷವೆಂಬ ವರದಿ ಬಂದಿತು. ಸಹೋದ್ಯೋಗಿಗಳು ಅವನನ್ನು ಪ್ರಶಂಸಿಸಿದರು. ಆ ಪ್ರಶಂಸೆಯೇ ಅವನನ್ನು ಕೊರೆಯತೊಡಗಿತು ಎನ್ನಬೇಕು. ಇಷ್ಟು ದೊಡ್ಡ ಮಂಡಲದಲ್ಲಿ ಕಾಲದ ಒಂದು ಉಲ್ಲಂಘನೆಯೂ ಕಾಣದಿರುವುದು ಅವನಿಗೆ ಅಸಹಜವೆನಿಸಿತು.

ಯಾವ ಸೆಲ್ ಯಾವ ಭಂಡಾರದಿಂದ ಬಂದಿತೆಂಬ ಉದ್ದನೆಯ ಪಟ್ಟಿಯನ್ನು ಸಾಧನವು ತನ್ನ ದಿನಚರಿಯ ಕಡತದಲ್ಲಿ ಬರೆದಿಟ್ಟಿತ್ತು. ಅದನ್ನು ಅದುವರೆಗೆ ಯಾರೂ ತೆರೆದಿರಲಿಲ್ಲ. ಒಂದು ಸಂಜೆ ಅವನು ಕುಳಿತು ಸಾಲುಸಾಲಾಗಿ ಓದಿದನು. ಹಳೆಯ ಭಂಡಾರದ ಹೆಸರು ಕಂಡಿತು. ಮುಂದಿನ ಸಾಲಿನಲ್ಲಿಯೂ ಅದೇ, ಅದರ ಮುಂದಿನದರಲ್ಲಿಯೂ ಅದೇ. ಆ ರಾತ್ರಿಯೇ ಅವನು ಕಾನ್ಫಿಗ್ ಒಂದನ್ನು ಬರೆದು, ಫ್ಲಿಪ್‌ಫ್ಲಾಪುಗಳಿಗೆಲ್ಲ ಹೊಸ ಲೈಬ್ರರಿಯನ್ನೇ ಹೆಸರಿಟ್ಟು ಗೊತ್ತುಪಡಿಸಿ, ಪರೀಕ್ಷೆಯನ್ನು ಮೊದಲಿನಿಂದ ಆರಂಭಿಸಿದನು. ಬೆಳಗಾಗುವಷ್ಟರಲ್ಲಿ ವರದಿಯ ತುಂಬ ಉಲ್ಲಂಘನೆಗಳು ತುಂಬಿದ್ದವು. ಚಿಪ್ಪು ಇನ್ನೂ ಕಾರ್ಖಾನೆಗೆ ಹೋಗಿರಲಿಲ್ಲ. ಅವನು ಮುಖ ತೊಳೆದು ಬಂದು ಮೊದಲನೆಯ ಉಲ್ಲಂಘನೆಯನ್ನು ಓದಲು ಕುಳಿತನು.